ನಿಂತದ್ದು ಯಾರು? ಎರಡು ಕವನಗಳನ್ನು ಪಕ್ಕಪಕ್ಕ ಇಟ್ಟು ಓದುವ ಬಗೆ

ಪದವಿ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಕಂಡ ಕೂಡಲೇ ಮಕ್ಕಳು ಪುಟ ತಿರುವಿಬಿಡುವ ಪ್ರಶ್ನೆಯೊಂದಿದೆ: ಈ ಎರಡು ಕವನಗಳನ್ನು ಹೋಲಿಸಿ ಬರೆಯಿರಿ. ಧೈರ್ಯ ಮಾಡಿ ಬರೆದವರ ಉತ್ತರವೂ ಹೆಚ್ಚುಕಮ್ಮಿ ಒಂದೇ ಅಚ್ಚಿನದು. ಒಂದೂವರೆ ಪುಟ ಮೊದಲ ಕವನದ ಸಾರಾಂಶ, ಒಂದೂವರೆ ಪುಟ ಎರಡನೆಯದರ ಸಾರಾಂಶ, ಕೊನೆಗೆ ‘ಹೀಗೆ ಎರಡೂ ಕವನಗಳು ತಮ್ಮದೇ ರೀತಿಯಲ್ಲಿ ಶ್ರೇಷ್ಠವಾಗಿವೆ’ ಎಂಬ ಮಂಗಳಾರತಿ. ಬಿ.ಎ. ಓದುವಾಗ ನಾನೂ ಹೀಗೆಯೇ ಬರೆದಿದ್ದೆ. ನಾಲ್ಕು ಪುಟದ ಉತ್ತರದ ಅಂಚಿನಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಎರಡೇ ಪದ ಬರೆದಿದ್ದರು: ‘ಹೋಲಿಕೆ ಎಲ್ಲಿ?’

ಹೋಲಿಕೆ ಯಾಕೆ ಬೇಕು ಎಂಬುದು ತಿಳಿಯದೆ ಹೋಲಿಸುವುದು ಹೇಗೆ ಎಂಬುದು ತಿಳಿಯುವುದಿಲ್ಲ. ಸೀರೆ ಅಂಗಡಿಯಲ್ಲಿ ನೋಡಿದ್ದೀರಲ್ಲ, ಒಂದು ಕೆಂಪು ಸೀರೆಯನ್ನು ಒಂಟಿಯಾಗಿ ಹರಡಿದರೆ ಅದು ಬರೀ ಕೆಂಪು. ಪಕ್ಕದಲ್ಲಿ ಇನ್ನೊಂದು ಕೆಂಪು ಸೀರೆ ಹಾಕಿದ ಕ್ಷಣ ಒಂದು ಕುಂಕುಮದ ಕೆಂಪು, ಇನ್ನೊಂದು ಇಟ್ಟಿಗೆಯ ಕೆಂಪು ಎಂದು ಗೊತ್ತಾಗುತ್ತದೆ. ಅದೇ ಪಕ್ಕದಲ್ಲಿ ಹಸಿರು ಸೀರೆ ಹಾಕಿದರೆ ಏನೂ ಗೊತ್ತಾಗುವುದಿಲ್ಲ, ಒಂದು ಕೆಂಪು, ಒಂದು ಹಸಿರು, ಅಷ್ಟೇ. ಎರಡು ಕವನಗಳ ನಡುವೆ ಒಂದು ಗಟ್ಟಿಯಾದ ಸಾಮ್ಯ ಸಿಕ್ಕಿದರೆ ಮಾತ್ರ ವ್ಯತ್ಯಾಸಗಳಿಗೆ ಅರ್ಥ ಬರುತ್ತದೆ.

ಅಮೆರಿಕನ್ ಕಾವ್ಯದಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಜೋಡಿಯೊಂದಿದೆ. ಎಮಿಲಿ ಡಿಕಿನ್ಸನ್ 1863ರ ಸುಮಾರಿಗೆ ಬರೆದ, ಸಾವು ಗಾಡಿ ತಂದು ಕರೆದೊಯ್ಯುವ ಕವನ ಒಂದು. ಅವಳು ಶೀರ್ಷಿಕೆ ಕೊಟ್ಟಿರಲಿಲ್ಲ. 1890ರಲ್ಲಿ ಸಂಪಾದಕರು ‘ದ ಚಾರಿಯಟ್’ ಎಂದು ಹೆಸರಿಟ್ಟರು. ಇನ್ನೊಂದು ರಾಬರ್ಟ್ ಫ್ರಾಸ್ಟ್ 1922ರಲ್ಲಿ ಬರೆದು 1923ರಲ್ಲಿ ಪ್ರಕಟಿಸಿದ ‘ಸ್ಟಾಪಿಂಗ್ ಬೈ ವುಡ್ಸ್ ಆನ್ ಎ ಸ್ನೋಯಿ ಈವ್ನಿಂಗ್’. ಡಿಕಿನ್ಸನ್ ಹುಟ್ಟಿದ್ದು (1830), ಸತ್ತದ್ದು (1886) ಎರಡೂ ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್ ಎಂಬ ಊರಿನಲ್ಲಿ. ಸುಮಾರು 1,800 ಕವನ ಬರೆದವಳು, ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. ಫ್ರಾಸ್ಟ್ (1874–1963) ಅದಕ್ಕೆ ತದ್ವಿರುದ್ಧ. ಜೀವಿತಕಾಲದಲ್ಲೇ ಮನೆಮಾತಾದವನು, ನಾಲ್ಕು ಬಾರಿ ಪುಲಿಟ್ಜರ್ ಪಡೆದವನು. ಕವಿಪರಿಚಯ ಇಲ್ಲಿಗೆ ಸಾಕು; ನಿಮ್ಮ ಉತ್ತರದಲ್ಲೂ ಇಷ್ಟು ಸಾಕು.

ಎರಡೂ ಕವನಗಳು ನ್ಯೂ ಇಂಗ್ಲೆಂಡ್ ಎಂದು ಕರೆಯುವ ಅಮೆರಿಕದ ಈಶಾನ್ಯ ಭಾಗದ ನೆಲದವು. ಎರಡರಲ್ಲೂ ಕುದುರೆ, ಪ್ರಯಾಣ, ಮುಳುಗುವ ಹೊತ್ತು ಇವೆ. ಎರಡರಲ್ಲೂ ಒಂದು ‘ನಿಲ್ಲುವಿಕೆ’ ಇದೆ. ಮುಂದೆ ಓದುವ ಮೊದಲು ಎರಡನ್ನೂ ತೆರೆದು ಮಗ್ಗುಲಲ್ಲಿ ಇಟ್ಟುಕೊಳ್ಳಿ. ಒಂದು 24 ಸಾಲು, ಇನ್ನೊಂದು 16 ಸಾಲು, ಓದುವುದಕ್ಕೆ ಐದು ನಿಮಿಷ ಸಾಕು.

ಶುರುಮಾಡುವ ಮೊದಲೊಂದು ಎಚ್ಚರಿಕೆ

ನಿಮ್ಮ ಕೈಯಲ್ಲಿರುವ ಡಿಕಿನ್ಸನ್ ಕವನದ ಪದ್ಯಗಳನ್ನು ಎಣಿಸಿ. ಆರು ಇರಬೇಕು. ಐದೇ ಇದ್ದರೆ ಅದು 1890ರ ಹಳೆಯ ಪಾಠ. ಮೇಬಲ್ ಲೂಮಿಸ್ ಟಾಡ್ ಮತ್ತು ಟಿ. ಡಬ್ಲ್ಯು. ಹಿಗ್ಗಿನ್ಸನ್ ಸೇರಿ ಮೊದಲ ಸಂಕಲನ ತಂದಾಗ ನಾಲ್ಕನೆಯ ಪದ್ಯವನ್ನೇ ಕೈಬಿಟ್ಟರು, ಅವಳ ಅಡ್ಡಗೆರೆಗಳನ್ನು ಅಳಿಸಿದರು, ಸರಿಹೊಂದದ ಪ್ರಾಸಗಳನ್ನು ‘ರಿಪೇರಿ’ ಮಾಡಿದರು. ಥಾಮಸ್ ಜಾನ್ಸನ್ 1955ರಲ್ಲಿ ಹಸ್ತಪ್ರತಿ ನೋಡಿ ಮೂಲರೂಪಕ್ಕೆ ತಂದ ಆವೃತ್ತಿಯಲ್ಲಿ ಇದರ ಸಂಖ್ಯೆ 712. ಫ್ರಾಂಕ್ಲಿನ್‌ ಅವರ 1998ರ ಆವೃತ್ತಿಯಲ್ಲಿ 479. ಅಗ್ಗದ ಗೈಡುಗಳಲ್ಲಿ ಇವತ್ತಿಗೂ ಆ ಹಳೆಯ ಪಾಠವೇ ಅಚ್ಚಾಗಿರುತ್ತದೆ. ನಾಲ್ಕನೆಯ ಪದ್ಯವಿಲ್ಲದೆ ಈ ಹೋಲಿಕೆ ಕುಂಟುತ್ತದೆ. ಏಕೆಂಬುದು ಮುಂದೆ ತಿಳಿಯುತ್ತದೆ.

1. ಮೊದಲು ಕಥೆ ಹೇಳಿ, ಕನ್ನಡದಲ್ಲೇ

ಉತ್ತರವನ್ನು ಇಂಗ್ಲಿಷಿನಲ್ಲೇ ಬರೆಯಬೇಕಾದರೂ ಯೋಚನೆ ಕನ್ನಡದಲ್ಲಿ ನಡೆದರೆ ನಷ್ಟವೇನಿಲ್ಲ. ಒಂದೊಂದು ಕವನವನ್ನೂ ಗಟ್ಟಿಯಾಗಿ ಎರಡು ಸಲ ಓದಿ, ಪುಸ್ತಕ ಮುಚ್ಚಿ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಮೂರ್ನಾಲ್ಕು ವಾಕ್ಯದಲ್ಲಿ ಬರೆಯಿರಿ.

ಡಿಕಿನ್ಸನ್: ಕೆಲಸದ ಗಡಿಬಿಡಿಯಲ್ಲಿ ಸಾವಿಗಾಗಿ ನಿಲ್ಲಲು ಪುರುಸೊತ್ತಿಲ್ಲದ ಹೆಂಗಸು. ಸಾವೇ ಸಭ್ಯ ಗಂಡಸಿನಂತೆ ಗಾಡಿ ತಂದು ನಿಲ್ಲಿಸುತ್ತದೆ. ಗಾಡಿಯಲ್ಲಿ ಅಮರತ್ವವೂ ಕೂತಿದೆ. ಶಾಲೆ, ಹೊಲ, ಮುಳುಗುವ ಸೂರ್ಯ ಎಲ್ಲ ದಾಟಿ, ನೆಲದಿಂದ ತುಸುವೇ ಉಬ್ಬಿದ ಒಂದು ‘ಮನೆ’ಯ ಮುಂದೆ ನಿಲ್ಲುತ್ತಾರೆ. ಇದೆಲ್ಲ ನಡೆದು ಶತಮಾನಗಳೇ ಆಗಿವೆ ಎಂದು ಆಕೆ ಈಗ ಹೇಳುತ್ತಿದ್ದಾಳೆ.

ಫ್ರಾಸ್ಟ್: ವರ್ಷದಲ್ಲೇ ಅತ್ಯಂತ ಕತ್ತಲಿನ ಸಂಜೆ, ಇನ್ಯಾರದೋ ಕಾಡಿನಲ್ಲಿ ಹಿಮ ಬೀಳುವುದನ್ನು ನೋಡಲು ಒಬ್ಬ ಪ್ರಯಾಣಿಕ ನಿಲ್ಲುತ್ತಾನೆ. ಹತ್ತಿರ ಮನೆಯಿಲ್ಲದ ಜಾಗದಲ್ಲಿ ಯಾಕೆ ನಿಂತೆವು ಎಂದು ಕುದುರೆಗೆ ವಿಚಿತ್ರವೆನಿಸಿ ಗೆಜ್ಜೆ ಅಲ್ಲಾಡಿಸುತ್ತದೆ. ಕಾಡು ಸೆಳೆಯುತ್ತದೆ, ಆದರೆ ಕೊಟ್ಟ ಮಾತುಗಳಿವೆ, ಮಲಗುವ ಮುಂಚೆ ಕ್ರಮಿಸಬೇಕಾದ ದೂರ ಇದೆ.

ಹೀಗೆ ಬರೆದದ್ದೇ ತಡ, ಜೋಡಿಯ ಕೀಲು ಕೈಗೆ ಸಿಗುತ್ತದೆ. ಒಂದರಲ್ಲಿ ಹೆಂಗಸು ನಿಲ್ಲಲಿಲ್ಲ, ಸಾವು ನಿಂತಿತು. ಇನ್ನೊಂದರಲ್ಲಿ ಮನುಷ್ಯ ತಾನಾಗಿಯೇ ನಿಂತ, ಆದರೆ ನಿಂತೇ ಇರಲಾರ. ನಿಂತದ್ದು ಯಾರು, ಯಾಕೆ? ಈ ಒಂದು ಪ್ರಶ್ನೆಯನ್ನು ಹಾಳೆಯ ನೆತ್ತಿಯಲ್ಲಿ ಬರೆದುಕೊಳ್ಳಿ. ಮುಂದೆ ಸಿಗುವ ಅಲಂಕಾರ, ಛಂದಸ್ಸು, ದೇಶಕಾಲ ಎಲ್ಲವನ್ನೂ ಈ ಪ್ರಶ್ನೆಗೆ ತಂದು ಒಡ್ಡಬೇಕು. ಉತ್ತರಕ್ಕೆ ನೆರವಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ಎಷ್ಟು ಚೆಂದವಿದ್ದರೂ ಬಿಟ್ಟುಬಿಡಿ.

ಇಲ್ಲೊಂದು ಚಿಕ್ಕ ಮಾತು. ಫ್ರಾಸ್ಟ್‌ನ ಪ್ರಯಾಣಿಕ ಗಂಡೋ ಹೆಣ್ಣೋ ಕವನ ಹೇಳುವುದಿಲ್ಲ; ‘ನಾನು’ ಅಷ್ಟೇ. ಮೇಲೆ ನಾನು ‘ನಿಲ್ಲುತ್ತಾನೆ’ ಎಂದು ಬರೆದದ್ದು ಕನ್ನಡದ ಕ್ರಿಯಾಪದ ಬಲವಂತ ಮಾಡಿದ್ದರಿಂದ. ಡಿಕಿನ್ಸನ್‌ನಲ್ಲಿ ಹಾಗಲ್ಲ, ನಿಲುವಂಗಿ, ಹೆಗಲಿನ ಪುಟ್ಟ ಶಾಲು ಇವೆಲ್ಲ ಹೆಂಗಸಿನ ಉಡುಪು.

2. ದೇಶಕಾಲ: ಎಲ್ಲಿ, ಯಾವಾಗ ಎಂಬುದರ ಜೊತೆಗೆ ‘ಎಲ್ಲಿಂದ ಎಲ್ಲಿಗೆ’

ಸೆಟ್ಟಿಂಗ್ ಎಂದ ಕೂಡಲೇ ‘ಕಾಡು, ಹಿಮ, ಸಂಜೆ’ ಎಂದು ಪಟ್ಟಿ ಕೊಟ್ಟು ಮುಗಿಸುವವರೇ ಹೆಚ್ಚು. ಕವನದಲ್ಲಿ ಸ್ಥಳ ಬರೀ ಹಿನ್ನೆಲೆಯ ಪರದೆಯಲ್ಲ, ಮಾತಾಡುವವರ ಮನಸ್ಸಿನ ಚಲನೆ ಅದರಲ್ಲಿರುತ್ತದೆ. ಹಾಗಾಗಿ ಸ್ಥಳ ಬದಲಾಗುತ್ತದೆಯೇ, ಬದಲಾದರೆ ಯಾವ ಕ್ರಮದಲ್ಲಿ ಎಂದು ನೋಡಿ.

ಫ್ರಾಸ್ಟ್‌ನಲ್ಲಿ ಸ್ಥಳ ಬದಲಾಗುವುದೇ ಇಲ್ಲ. ಒಂದು ಕಡೆ ಕಾಡು, ಇನ್ನೊಂದು ಕಡೆ ಹೆಪ್ಪುಗಟ್ಟಿದ ಕೆರೆ, ನಡುವೆ ಪ್ರಯಾಣಿಕ. ಇಡೀ ಕವನ ಒಂದೇ ಜಾಗದಲ್ಲಿ, ಕೆಲವೇ ನಿಮಿಷಗಳಲ್ಲಿ, ವರ್ತಮಾನದಲ್ಲಿ ನಡೆಯುತ್ತದೆ. ಅತ್ಯಂತ ಕತ್ತಲಿನ ಸಂಜೆ ಎಂದರೆ ಡಿಸೆಂಬರ್ 21ರ ಆಸುಪಾಸಿನ ದೀರ್ಘರಾತ್ರಿ ಎಂದು ಓದುವ ರೂಢಿಯಿದೆ. ನಮ್ಮ ಡಿಸೆಂಬರ್ ಸಂಜೆಯನ್ನು ನೆನೆಯಬೇಡಿ. ಆ ಅಕ್ಷಾಂಶದಲ್ಲಿ ಆ ದಿನ ನಾಲ್ಕೂವರೆಗೂ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಹಿಮದಲ್ಲಿ ಹೊರಗೆ ನಿಂತುಬಿಡುವುದು ಅಲ್ಲಿ ಸುಮ್ಮನೆ ಸೊಬಗು ಸವಿಯುವ ಮಾತಲ್ಲ. ಅದರಲ್ಲಿ ಪ್ರಾಣಕ್ಕೆ ಕುತ್ತು ತರುವ ಶಕ್ತಿಯೂ ಇದೆ. ಈ ಒಂದು ತಿಳಿವಳಿಕೆ ಇಲ್ಲದೆ ಓದಿದರೆ ಕವನ ಕ್ಯಾಲೆಂಡರ್ ಚಿತ್ರವಾಗಿಬಿಡುತ್ತದೆ.

ಡಿಕಿನ್ಸನ್‌ನಲ್ಲಿ ಸ್ಥಳ ಹರಿಯುತ್ತಲೇ ಇರುತ್ತದೆ. ಬಿಡುವಿನ ವೇಳೆಯಲ್ಲಿ ಮಕ್ಕಳಿರುವ ಶಾಲೆ, ತೆನೆ ತುಂಬಿದ ಹೊಲ, ಮುಳುಗುವ ಸೂರ್ಯ. ಬಾಲ್ಯ, ಪ್ರೌಢತೆ, ಮುಪ್ಪು ಎಂದು ಎಲ್ಲ ಗೈಡುಗಳೂ ಬರೆಯುತ್ತವೆ, ತಪ್ಪೇನಲ್ಲ. ಆದರೆ ನಿಜವಾದ ತಿರುವು ಬರುವುದು ಅದರ ನಂತರ. ‘ನಾವು ಸೂರ್ಯನನ್ನು ದಾಟಿದೆವು’ ಎಂಬರ್ಥದ ಮಾತಾಡಿದ ಆಕೆ ನಾಲ್ಕನೆಯ ಪದ್ಯದ ಬಾಗಿಲಲ್ಲೇ ತನ್ನ ಮಾತನ್ನು ತಿದ್ದಿಕೊಳ್ಳುತ್ತಾಳೆ: ಅಲ್ಲ, ಅವನೇ ನಮ್ಮನ್ನು ದಾಟಿದ. ದಾಟುತ್ತಿದ್ದವರು ಈಗ ನಿಂತವರಾದರು. ಆ ಕ್ಷಣದಿಂದ ಇಬ್ಬನಿ, ನಡುಕ, ಚಳಿ. ಮೈಮೇಲಿರುವುದು ಜೇಡನ ನೂಲಿನಂಥ ಬಟ್ಟೆ, ಹೆಗಲ ಮೇಲೆ ದರ್ಜಿಗಳು ನೆಟ್ ಎನ್ನುವಂಥ ಜಾಳುಜಾಳು ವಸ್ತ್ರ. ಸಂಜೆ ತಿರುಗಾಟಕ್ಕೆಂದು ಉಟ್ಟು ಹೊರಟವಳಿಗೆ ತಾನೆಲ್ಲಿಗೆ ಹೋಗುತ್ತಿದ್ದೇನೆ ಎಂಬುದು ಚಳಿಯ ಮೂಲಕ ತಿಳಿಯುತ್ತದೆ. 1890ರ ಸಂಪಾದಕರು ಕತ್ತರಿಸಿದ್ದು ಇದೇ ಪದ್ಯವನ್ನು! ಅದನ್ನು ತೆಗೆದರೆ ಉಳಿಯುವುದು ಹಿತವಾದ ಒಂದು ಜೋಡಿ ಪಯಣ ಮಾತ್ರ.

ಈಗ ಎರಡನ್ನೂ ಎದುರುಬದುರು ಇಡಿ. ಚಳಿ ಎರಡರಲ್ಲೂ ಇದೆ. ಫ್ರಾಸ್ಟ್‌ನ ಚಳಿ ಹೊರಗಿನದು, ಪ್ರಯಾಣಿಕ ಅದನ್ನು ದೂರುವುದೇ ಇಲ್ಲ, ಅವನಿಗೆ ಹಿಮ ಮೆತ್ತಗೆ ಕಾಣುತ್ತದೆ. ಡಿಕಿನ್ಸನ್‌ನ ಚಳಿ ಮೈಗೆ ತಾಗುತ್ತದೆ. ಬದುಕಿರುವವನಿಗೆ ಸಾವಿನ ಹವೆ ಮೋಹಕ, ಸತ್ತವಳಿಗೆ ಅದು ಬರೀ ಚಳಿ. ಇಂಥ ಒಂದು ವಾಕ್ಯ ನಿಮಗೇ ಹೊಳೆದರೆ ಹೋಲಿಕೆ ಶುರುವಾಯಿತು ಎಂದು ತಿಳಿಯಿರಿ.

ಮನೆಯನ್ನೂ ನೋಡಿ. ಫ್ರಾಸ್ಟ್ ಕವನದ ಮೊದಲಲ್ಲೇ ಕಾಡಿನ ಮಾಲೀಕನ ಮನೆ ಬರುತ್ತದೆ, ಅದು ಊರಿನಲ್ಲಿದೆ, ದೂರ. ಹತ್ತಿರ ತೋಟದ ಮನೆಯೂ ಇಲ್ಲ. ಮನೆ ಇಲ್ಲದ ಜಾಗದಲ್ಲಿ ನಿಂತದ್ದೇ ಅಲ್ಲಿಯ ವಿಚಿತ್ರ. ಡಿಕಿನ್ಸನ್‌ನಲ್ಲಿ ನಿಲ್ಲುವುದೇ ಮನೆಯ ಮುಂದೆ, ಆದರೆ ಆ ಮನೆಗೆ ಸೂರು ಕಾಣುವುದೇ ಕಷ್ಟ, ಅದು ಗೋರಿ. ಹಾಗೆಂದು ಅವಳು ಹೆಸರಿಟ್ಟು ಕರೆಯುವುದಿಲ್ಲ, ಮನೆ ಎಂದೇ ಹೇಳುತ್ತಾಳೆ.

3. ಅಲಂಕಾರ: ಹೆಸರು ಹೇಳಿ ನಿಲ್ಲಿಸಬೇಡಿ

‘ಈ ಕವನದಲ್ಲಿ ಮಾನವೀಕರಣ ಇದೆ’ ಎಂಬುದು ‘ಈ ಅಡುಗೆಯಲ್ಲಿ ಉಪ್ಪಿದೆ’ ಎಂದಂತೆ. ಇದೆ ಸರಿ, ಎಷ್ಟಿದೆ, ಏನು ಮಾಡುತ್ತಿದೆ? ಪ್ರತಿ ತಂತ್ರಕ್ಕೂ ಮೂರು ಹೆಜ್ಜೆ ಇಡಿ: ಯಾವುದು, ಎಲ್ಲಿ, ಅದರಿಂದ ಏನಾಯಿತು. ಮೂರನೆಯ ಹೆಜ್ಜೆ ಇಡಲಾಗದಿದ್ದರೆ ಮೊದಲ ಎರಡನ್ನೂ ಬರೆಯಬೇಡಿ.

ಮಾನವೀಕರಣವನ್ನೇ ತೆಗೆದುಕೊಳ್ಳಿ. ಕನ್ನಡಿಗರಾದ ನಮಗೆ ಇಲ್ಲೊಂದು ಅನುಕೂಲವಿದೆ. ಕನ್ನಡದಲ್ಲಿ ಸಾವು ನಪುಂಸಕ, ‘ಸಾವು ಬಂತು’. ಡಿಕಿನ್ಸನ್ ಸಾವನ್ನು ಗಂಡಸಿನ ಸರ್ವನಾಮದಿಂದ ಕರೆಯುತ್ತಾಳೆ. ಈ ಕವನವನ್ನು ಅನುವಾದಿಸಲು ಕೂತರೆ ಮೊದಲ ವಾಕ್ಯಕ್ಕೇ ಪೆನ್ನು ನಿಲ್ಲುತ್ತದೆ. ‘ಬಂತು’ ಎಂದರೆ ಅಲಂಕಾರವೇ ಸತ್ತಿತು. ‘ಬಂದ’ ಎಂದರೆ ಸಲುಗೆಯಾಯಿತು. ‘ಬಂದರು’ ಎಂದರೆ? ನಗು ಬರುತ್ತದೆ ನಿಜ, ಆದರೆ ಅವಳ ಧಾಟಿಗೆ ಹತ್ತಿರವಾದದ್ದು ಅದೇ. ಬಂದಾತ ಮರ್ಯಾದಸ್ಥ, ಅವಸರವಿಲ್ಲದವ, ಅವನ ಸೌಜನ್ಯಕ್ಕೆ ಮಣಿದು ಆಕೆ ತನ್ನ ದುಡಿಮೆ, ಬಿಡುವು ಎರಡನ್ನೂ ಕೆಳಗಿಟ್ಟು ಹೊರಡುತ್ತಾಳೆ. ತರಗತಿಯಲ್ಲಿ ಈ ಮೂರು ಕ್ರಿಯಾಪದಗಳನ್ನು ಬೋರ್ಡಿನ ಮೇಲೆ ಬರೆದು ಜಗಳ ಹಚ್ಚುವುದು ನನ್ನ ಹಳೆಯ ಚಾಳಿ. ಹತ್ತು ನಿಮಿಷದ ಜಗಳದಲ್ಲಿ ಅಲಂಕಾರದ ಪಾಠ ತಾನಾಗಿ ಮುಗಿದಿರುತ್ತದೆ.

ಫ್ರಾಸ್ಟ್ ಯಾವುದಕ್ಕೆ ಮನುಷ್ಯನ ಗುಣ ಕೊಡುತ್ತಾನೆ? ಸಾವಿಗಲ್ಲ, ಕಾಡಿಗೂ ಅಲ್ಲ, ಕುದುರೆಗೆ. ಕುದುರೆ ಯೋಚಿಸುತ್ತದೆ, ಏನೋ ಪ್ರಮಾದವಾಗಿದೆ ಎಂದು ಗೆಜ್ಜೆಯಲ್ಲೇ ಕೇಳುತ್ತದೆ. ಲೋಕದ ರೂಢಿ, ದಿನಚರಿ, ‘ಇಲ್ಲಿ ಯಾಕಪ್ಪಾ ನಿಂತೆ’ ಎಂಬ ವಿವೇಕ ಅದರ ಬಾಯಲ್ಲಿದೆ. ಒಂದೇ ತಂತ್ರ, ಎರಡು ದಿಕ್ಕು: ಡಿಕಿನ್ಸನ್‌ನಲ್ಲಿ ಅದು ಹೆಂಗಸನ್ನು ಬದುಕಿನಿಂದ ಆಚೆಗೆ ಒಯ್ಯುತ್ತದೆ, ಫ್ರಾಸ್ಟ್‌ನಲ್ಲಿ ಪ್ರಯಾಣಿಕನನ್ನು ಬದುಕಿನ ಕಡೆಗೆ ಎಳೆಯುತ್ತದೆ. ಡಿಕಿನ್ಸನ್‌ನ ಕುದುರೆಗಳು ಕಾಣಿಸುವುದು ಕೊನೆಯ ಪದ್ಯದಲ್ಲಿ. ಅವುಗಳ ತಲೆ ಅನಂತದ ಕಡೆಗಿದೆ ಎಂದು ಆಕೆಗೆ ಹೊಳೆದ ಹೊತ್ತಿನಲ್ಲಿ. ಅವು ಏನನ್ನೂ ಕೇಳುವುದಿಲ್ಲ.

ಇನ್ನು ಶಬ್ದ. ಅನುಪ್ರಾಸ ಎರಡರಲ್ಲೂ ಇದೆ. ಫ್ರಾಸ್ಟ್‌ನ ಮೂರನೆಯ ಪದ್ಯವನ್ನು ಪಿಸುಗುಟ್ಟಿ ನೋಡಿ, ಗಾಳಿ ಬೀಸುವ ಸಾಲಿನಲ್ಲಿ ಸ-ಕಾರ ಹಾಸಿಕೊಂಡಿದೆ, ಗೆಜ್ಜೆಯ ಸದ್ದು ಅಡಗಿ ಹಿಮದ ಸದ್ದು ಉಳಿಯುತ್ತದೆ. ಡಿಕಿನ್ಸನ್‌ನಲ್ಲಿ ಅನುಪ್ರಾಸಕ್ಕಿಂತ ‘ದಾಟಿದೆವು’ ಎಂಬ ಮಾತಿನ ಪುನರುಕ್ತಿ ಮುಖ್ಯ. ಅದು ಗಾಡಿಯ ಚಕ್ರದಂತೆ ತಿರುಗಿ ತಿರುಗಿ ಬಂದು, ನಾಲ್ಕನೆಯ ಪದ್ಯದಲ್ಲಿ ತಲೆಕೆಳಗಾಗುತ್ತದೆ. ಫ್ರಾಸ್ಟ್‌ನ ಪುನರುಕ್ತಿ ಒಂದೇ, ಕೊನೆಯ ಎರಡು ಸಾಲು. ಮೊದಲ ಸಲ ಹೇಳಿದಾಗ ಅದು ರಸ್ತೆಯ ದೂರ, ಮಂಚದ ನಿದ್ದೆ. ಎರಡನೆಯ ಸಲ ಅದೇ ಸಾಲಿನ ತೂಕ ಬದಲಾಗುತ್ತದೆ. ಬದಲಾದದ್ದು ಎಷ್ಟು ಎಂಬುದರ ಮೇಲೆ ವಿಮರ್ಶಕರು ದಶಕಗಟ್ಟಲೆ ಜಗಳವಾಡಿದ್ದಾರೆ.

4. ಛಂದಸ್ಸು: ಬೆರಳೆಣಿಸಿ

ಹೆಚ್ಚಿನವರು ಹಾರಿಸುವ ಭಾಗ ಇದು. ಅಂಕ ಸುಲಭವಾಗಿ ಸಿಗುವುದೂ ಇಲ್ಲೇ. ನಮ್ಮ ಷಟ್ಪದಿ, ರಗಳೆಗಳಂತೆ ಮಾತ್ರೆ ಎಣಿಸಲು ಹೋಗಬೇಡಿ. ಇಂಗ್ಲಿಷಿನಲ್ಲಿ ಲೆಕ್ಕ ಉಚ್ಚಾರದ ತುಂಡು ಮತ್ತು ಒತ್ತಿನದು. ‘ಪ್ರಾಸ’ ಎಂಬ ಪದದಲ್ಲೂ ಜೋಪಾನ. ಹಳೆಯ ಕನ್ನಡ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರಕ್ಕೆ ಸೇರಿದ್ದು, ಇಲ್ಲಿ ನೋಡಬೇಕಾದದ್ದು ಅಂತ್ಯಪ್ರಾಸ.

ಫ್ರಾಸ್ಟ್‌ನ ಹದಿನಾರೂ ಸಾಲು ಎಂಟೆಂಟು ತುಂಡು, ಒಂದೂ ತಪ್ಪುವುದಿಲ್ಲ. ಪ್ರಾಸ ಸರಪಳಿಯಂತಿದೆ: ಮೊದಲ ಪದ್ಯದಲ್ಲಿ ಒಂದು, ಎರಡು, ನಾಲ್ಕನೆಯ ಸಾಲು ಪ್ರಾಸ ಕೂಡಿ ಮೂರನೆಯದು ಒಂಟಿಯಾಗುತ್ತದೆ, ಆ ಒಂಟಿ ಸಾಲಿನ ಸದ್ದೇ ಮುಂದಿನ ಪದ್ಯದ ಮುಖ್ಯ ಪ್ರಾಸ. ಹೀಗೆ ಕೊಂಡಿ ಬೆಳೆಯುತ್ತ ಕೊನೆಯ ಪದ್ಯದಲ್ಲಿ ನಾಲ್ಕೂ ಸಾಲು ಒಂದೇ ಪ್ರಾಸಕ್ಕೆ ಬಂದು ನಿಲ್ಲುತ್ತವೆ. ಒಂಟಿ ಸದ್ದು ಉಳಿಯಲಿಲ್ಲ, ಕವನ ಮುಂದೆ ಹೋಗಲು ಕೊಂಡಿ ಇಲ್ಲ. ಮಾತಿನಲ್ಲಿ ‘ಇನ್ನೂ ದೂರ ಹೋಗಬೇಕು’ ಎನ್ನುವ ಕವನ ಪ್ರಾಸದಲ್ಲಿ ನಿಂತುಬಿಟ್ಟಿದೆ! ‘ನಿಂತದ್ದು ಯಾರು’ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಡಿಕಿನ್ಸನ್‌ನದು ಎಂಟು-ಆರು-ಎಂಟು-ಆರರ ನಡಿಗೆ, ಚರ್ಚಿನ ಪ್ರಾರ್ಥನಾಗೀತೆಗಳ ಮಟ್ಟು. ಅದೇ ನಾಲ್ಕನೆಯ ಪದ್ಯದಲ್ಲಿ ಬೆರಳೆಣಿಸಿ: ಆರು-ಎಂಟು-ಎಂಟು-ಆರು. ಸೂರ್ಯ ದಾಟಿಹೋಗಿ ಚಳಿ ಹಿಡಿದ ಜಾಗದಲ್ಲೇ ಗಾಡಿಯ ಲಯ ಎಡವಿದೆ. ಪ್ರಾಸವೂ ಅಷ್ಟೇ, ಹಲವು ಕಡೆ ಅರೆಬರೆ, ಕಿವಿಗೆ ‘ಹೊಂದಿತೇ?’ ಎಂದು ಅನುಮಾನ ಉಳಿಸುವಂಥದ್ದು. ಐದನೆಯ ಪದ್ಯದಲ್ಲಂತೂ ನೆಲ ಎಂಬರ್ಥದ ‘ಗ್ರೌಂಡ್’ ಪದಕ್ಕೆ ಅದೇ ಪದವನ್ನು ಪ್ರಾಸವಾಗಿ ಇಟ್ಟಿದ್ದಾಳೆ. ಸಂಪಾದಕರು ಅದನ್ನೂ ತಿದ್ದಿದ್ದರು. ಮಣ್ಣಿನ ಮನೆಯ ಮುಂದೆ ನಿಂತಾಗ ಮಣ್ಣಲ್ಲದೆ ಬೇರೆ ಪ್ರಾಸ ಎಲ್ಲಿಂದ ಬರಬೇಕು ಎಂದು ನನಗನಿಸುತ್ತದೆ.

ಇನ್ನೊಂದು ಸಣ್ಣ ಎಣಿಕೆ, ಬಹಳ ಫಲ ಕೊಡುವಂಥದ್ದು. ಫ್ರಾಸ್ಟ್ ಕವನದ ಪದಗಳೆಲ್ಲ ಒಂದು ಅಥವಾ ಎರಡು ತುಂಡಿನವು. ಮೂರು ತುಂಡಿನ ಪದ ಇಡೀ ಕವನದಲ್ಲಿ ಒಂದೇ ಒಂದು: ‘ಪ್ರಾಮಿಸಸ್’, ಕೊಟ್ಟ ಮಾತುಗಳು. ಡಿಕಿನ್ಸನ್‌ನ ಉದ್ದನೆಯ ಪದಗಳು ಯಾವುವು? ‘ಇಮ್ಮಾರ್ಟಾಲಿಟಿ’, ‘ಸಿವಿಲಿಟಿ’, ‘ಇಟರ್ನಿಟಿ’, ಅಮರತ್ವ, ಸೌಜನ್ಯ, ಅನಂತ. ಮೂರೂ ಪದ್ಯದ ಕೊನೆಯಲ್ಲಿ ಕೂತು ಸಾಲನ್ನು ದೂರಕ್ಕೆ ಚಾಚುತ್ತವೆ. ಒಬ್ಬನ ನಾಲಗೆ ಭಾರವಾಗುವುದು ಊರಿನ ಋಣ ನೆನೆದಾಗ, ಇನ್ನೊಬ್ಬಳದು ಪರಲೋಕ ನೆನೆದಾಗ.

5. ಆಶಯ: ಪದವಲ್ಲ, ವಾಕ್ಯ

‘ಥೀಮ್: ಸಾವು’ ಎಂದು ಬರೆದರೆ ಅದು ಆಶಯವಲ್ಲ, ವಿಷಯ. ಸಾವಿನ ಬಗ್ಗೆ ಕವನ ಏನೆನ್ನುತ್ತದೆ ಎಂಬುದನ್ನು ಒಂದು ಪೂರ್ಣ ವಾಕ್ಯವಾಗಿ ಬರೆದಾಗಲೇ ಅದು ಆಶಯ. ಪರೀಕ್ಷಿಸಲು ಸುಲಭದ ದಾರಿ: ಆ ವಾಕ್ಯಕ್ಕೆ ಯಾರಾದರೂ ‘ಇಲ್ಲ, ಹಾಗಲ್ಲ’ ಎನ್ನಲು ಸಾಧ್ಯವೇ? ‘ಸಾವು’ ಎಂಬ ಪದಕ್ಕೆ ಯಾರೂ ಇಲ್ಲ ಎನ್ನಲಾರರು. ‘ಸಾವು ಸಭ್ಯನಂತೆ ಬಂದರೂ ಕೊನೆಗೆ ಆಕೆಯನ್ನು ಚಳಿಯಲ್ಲಿ ಒಂಟಿಯಾಗಿಸುತ್ತದೆ’ ಎಂಬುದಕ್ಕೆ ಇಲ್ಲ ಎನ್ನಬಹುದು. ಅಮರತ್ವ ಜೊತೆಗಿದೆಯಲ್ಲ, ಸಮಾಧಾನವಿದೆಯಲ್ಲ ಎಂದು ವಾದಿಸಬಹುದು. ವಾದಕ್ಕೆ ಎಡೆಯಿದ್ದರೆ ನಿಮ್ಮ ವಾಕ್ಯ ಸರಿದಾರಿಯಲ್ಲಿದೆ.

ಫ್ರಾಸ್ಟ್ ವಿಷಯದಲ್ಲಿ ಇನ್ನಷ್ಟು ಮೆಲ್ಲಗೆ ಹೆಜ್ಜೆ ಇಡಿ. ಜಾನ್ ಚಿಯಾರ್ಡಿ 1958ರಲ್ಲಿ ‘ಸ್ಯಾಟರ್‌ಡೇ ರಿವ್ಯೂ’ ಪತ್ರಿಕೆಯಲ್ಲಿ ಈ ಕವನದೊಳಗೆ ಸಾವಿನ ಬಯಕೆಯನ್ನು ಗುರುತಿಸಿದ. ಫ್ರಾಸ್ಟ್ ಅದನ್ನು ಒಪ್ಪಲಿಲ್ಲ, ಸಭೆಗಳಲ್ಲಿ ತಮಾಷೆ ಮಾಡಿದ. ಕವಿ ಇಲ್ಲ ಎಂದ ಮಾತ್ರಕ್ಕೆ ಓದು ಸುಳ್ಳಾಗುವುದಿಲ್ಲ. ಆದರೆ ‘ಸಾವು’ ಎಂಬ ಪದ ಕವನದಲ್ಲಿ ಎಲ್ಲೂ ಇಲ್ಲ ಎಂಬುದು ನೆನಪಿರಲಿ. ‘ಸೂಚಿಸುತ್ತದೆ’, ‘ನೆರಳು ಬೀಳುತ್ತದೆ’ ಎಂದು ಬರೆಯಿರಿ, ‘ಆತ್ಮಹತ್ಯೆಯ ಕವನ’ ಎಂದು ತೀರ್ಪು ಕೊಡಬೇಡಿ.

6. ಹೆಣೆದು ಬರೆಯುವುದು

ಮೊದಲ ಪ್ಯಾರಾದಲ್ಲಿ ಸಾಮ್ಯ ಮತ್ತು ನಿಮ್ಮ ವಾದ. ಆಮೇಲೆ ಪ್ರತಿ ಪ್ಯಾರಾಕ್ಕೂ ಒಂದು ಬಿಂದು, ಪ್ರತಿ ಪ್ಯಾರಾದಲ್ಲೂ ಎರಡೂ ಕವನ. ಇದೊಂದು ನಿಯಮ ಪಾಲಿಸಿದರೆ ಅರ್ಧ ರೋಗ ವಾಸಿ. ಕೆಳಗಿನ ಎರಡು ತುಣುಕು ನೋಡಿ.

ಸಾಮಾನ್ಯವಾಗಿ ಸಿಗುವುದು: ‘ಡಿಕಿನ್ಸನ್ ಮಾನವೀಕರಣ ಬಳಸಿದ್ದಾಳೆ. ಅವಳು ಪ್ರತಿಮೆಗಳನ್ನೂ ಬಳಸಿದ್ದಾಳೆ. ಫ್ರಾಸ್ಟ್ ಕೂಡ ಪ್ರತಿಮೆಗಳನ್ನು ಬಳಸಿದ್ದಾನೆ. ಹಿಮ, ಕಾಡು ಅವನ ಪ್ರತಿಮೆಗಳು.’

ಬೇಕಾದದ್ದು: ‘ಎರಡೂ ಕವನಗಳಲ್ಲಿ ಕುದುರೆ ಇದ್ದರೂ ಅದರ ಕೆಲಸ ಬೇರೆ. ಫ್ರಾಸ್ಟ್‌ನ ಕುದುರೆ ಗೆಜ್ಜೆ ಅಲ್ಲಾಡಿಸಿ ಪ್ರಯಾಣಿಕನ ನಿಲುಗಡೆಯನ್ನು ಪ್ರಶ್ನಿಸುತ್ತದೆ. ಹಾಗಾಗಿ ಅಲ್ಲಿ ನಿಲ್ಲುವುದು ತಾತ್ಕಾಲಿಕ, ಬದಲಾಯಿಸಬಹುದಾದ ನಿರ್ಧಾರ. ಡಿಕಿನ್ಸನ್‌ನ ಕುದುರೆಗಳು ಕವನದ ಕೊನೆಯಲ್ಲಿ, ಎಲ್ಲ ಮುಗಿದು ಶತಮಾನಗಳಾದ ಮೇಲೆ ನೆನಪಾಗುತ್ತವೆ. ಅವು ಹೊರಟ ದಿಕ್ಕನ್ನು ಆಕೆ ಊಹಿಸಬಲ್ಲಳು, ತಿರುಗಿಸಲಾರಳು.’

ಎರಡನೆಯದರಲ್ಲಿ ಅಲಂಕಾರದ ಹೆಸರೇ ಬಂದಿಲ್ಲ, ಗಮನಿಸಿದಿರಾ? ಬೇಕಿದ್ದರೆ ‘ಮಾನವೀಕರಣ’ ಎಂದು ಒಂದು ಪದ ಸೇರಿಸಿ, ಮೌಲ್ಯಮಾಪಕರಿಗೂ ಸಮಾಧಾನ.

ಪದೇ ಪದೇ ಆಗುವ ತಪ್ಪುಗಳು

ಕವನದಲ್ಲಿಲ್ಲದ್ದನ್ನು ಕಾಣುವುದು. ಫ್ರಾಸ್ಟ್‌ನ ಪ್ರಯಾಣಿಕ ಹಿಮಗಾಡಿಯಲ್ಲಿದ್ದ ಎಂದು ಬಹಳ ಜನ ಬರೆಯುತ್ತಾರೆ. ಕವನದಲ್ಲಿ ಗಾಡಿಯ ಮಾತೇ ಇಲ್ಲ, ಕುದುರೆಯ ಗೆಜ್ಜೆಯಿಂದ ನಾವು ಮಾಡುವ ಊಹೆ ಅದು. ಇದಕ್ಕಿಂತ ದೊಡ್ಡ ತಪ್ಪು ‘ಕೊನೆಗೆ ಅವನು ಹೊರಟುಹೋದ’ ಎಂಬುದು. ಹೋಗಬೇಕು ಎನ್ನುತ್ತಾನೆ, ಹೋದ ಎಂದು ಎಲ್ಲೂ ಇಲ್ಲ. ಡಿಕಿನ್ಸನ್ ಕವನ ಭೂತಕಾಲದಲ್ಲಿದೆ, ಎಲ್ಲವೂ ಆಗಿಹೋಗಿದೆ. ಫ್ರಾಸ್ಟ್ ಕವನ ವರ್ತಮಾನದಲ್ಲಿದೆ, ಏನೂ ಇನ್ನೂ ಆಗಿಲ್ಲ. ಈ ತಪ್ಪು ಮಾಡಿದರೆ ಜೋಡಿಯ ಅತ್ಯುತ್ತಮ ವ್ಯತ್ಯಾಸವೇ ಕೈತಪ್ಪುತ್ತದೆ.

ಕವಿಯ ಸಂದರ್ಭವನ್ನು ಕವನದ ದೇಶಕಾಲವೆಂದು ತಿಳಿಯುವುದು. ಹಿಮದ ಈ ಸಂಜೆಯನ್ನು ಫ್ರಾಸ್ಟ್ ಬರೆದದ್ದು ಜೂನ್ ತಿಂಗಳ ಬೆಳಗ್ಗೆ, ವರ್ಮಾಂಟ್‌ನ ಶಾಫ್ಟ್ಸ್‌ಬರಿಯ ಮನೆಯಲ್ಲಿ, ‘ನ್ಯೂ ಹ್ಯಾಂಪ್‌ಶೈರ್’ ಎಂಬ ನೀಳ್ಗವನಕ್ಕಾಗಿ ರಾತ್ರಿಯಿಡೀ ಎದ್ದಿದ್ದ ಮೇಲೆ.

ನಮ್ಮ ಯಮನನ್ನು ತಂದು ಕೂರಿಸುವುದು. ಕೋಣ, ಪಾಶದ ಜೊತೆ ಹೋಲಿಸುವ ಆಸೆ ಸಹಜ. ಒಂದು ವಾಕ್ಯಕ್ಕೆ ಸರಿ. ಅದಕ್ಕಿಂತ ಮುಂದೆ ಹೋದರೆ ಡಿಕಿನ್ಸನ್‌ನ ಸಾವು, ಸಂಜೆ ತಿರುಗಾಟಕ್ಕೆ ಹೆಣ್ಣನ್ನು ಕರೆಯಲು ಬಂದ ಹತ್ತೊಂಬತ್ತನೆಯ ಶತಮಾನದ ಸಭ್ಯಸ್ಥ ಎಂಬುದು ಮರೆತುಹೋಗುತ್ತದೆ. ಯಮ ಎಳೆದೊಯ್ಯುತ್ತಾನೆ, ಇವನು ಕೈಕೊಟ್ಟು ಗಾಡಿ ಹತ್ತಿಸಿಕೊಳ್ಳುವ ಜಾತಿ.

ನೆಹರೂ ಪ್ರಸಂಗದಿಂದ ಪೀಠಿಕೆ ಹಾಕುವುದು. ಕೊನೆಯ ದಿನಗಳಲ್ಲಿ ನೆಹರೂ ಫ್ರಾಸ್ಟ್‌ನ ಕೊನೆಯ ಪದ್ಯವನ್ನು ಕೈಯಾರೆ ಬರೆದು ಕಣ್ಣಿಗೆ ಬೀಳುವಂತೆ ಇಟ್ಟುಕೊಂಡಿದ್ದರು. ಅದಕ್ಕಾಗಿಯೇ ನಮ್ಮಲ್ಲಿ ಆ ಸಾಲುಗಳು ಕರ್ತವ್ಯದ ಘೋಷವಾಕ್ಯವಾಗಿ ಶಾಲೆಯ ಗೋಡೆ ಹತ್ತಿದವು. ಗೋಡೆಯ ಮೇಲೆ ಬರುವುದು ಕೊನೆಯ ಪದ್ಯ ಮಾತ್ರ. ಕಾಡಿನ ಸೆಳೆತದ ಮೂರು ಪದ್ಯಗಳು ಬರುವುದಿಲ್ಲ.

ಅಭ್ಯಾಸಕ್ಕೆ ಇನ್ನೊಂದು ಜೋಡಿ

ಈ ಕ್ರಮವನ್ನು ನೀವೇ ಪ್ರಯೋಗಿಸಿ ನೋಡಬೇಕೆಂದರೆ ವಾಲ್ಟ್ ವಿಟ್ಮನ್‌ನ ‘ಐ ಹಿಯರ್ ಅಮೆರಿಕ ಸಿಂಗಿಂಗ್’ (1860) ಮತ್ತು ಲ್ಯಾಂಗ್ಸ್‌ಟನ್ ಹ್ಯೂಸ್‌ನ ‘ಐ, ಟೂ’ ತೆಗೆದುಕೊಳ್ಳಿ. ಎರಡನೆಯದು 1926ರ ‘ದ ವಿಯರಿ ಬ್ಲೂಸ್’ ಸಂಕಲನದಲ್ಲಿದೆ. ವಿಟ್ಮನ್ ಬಡಗಿ, ದೋಣಿಯವ, ಚಮ್ಮಾರ, ತಾಯಿ ಹೀಗೆ ಹಾಡುವವರ ಉದ್ದನೆಯ ಸಾಲು ನಿಲ್ಲಿಸುತ್ತಾನೆ. ಹ್ಯೂಸ್‌ನ ಕಪ್ಪು ಯುವಕ, ಮನೆಗೆ ನೆಂಟರು ಬಂದಾಗ ಅಡುಗೆಮನೆಗೆ ಕಳಿಸಲ್ಪಟ್ಟವನು, ಪುಟ್ಟ ಪುಟ್ಟ ಸಾಲಿನಲ್ಲಿ ಮಾತಾಡುತ್ತಾನೆ. ಹಾಳೆಯ ನೆತ್ತಿಯಲ್ಲಿ ಬರೆಯಬೇಕಾದ ಪ್ರಶ್ನೆಯನ್ನು ನೀವೇ ಹುಡುಕಿ. ಸಿಗದಿದ್ದರೆ, ವಿಟ್ಮನ್‌ನ ಹಾಡುಗಾರರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಓದುತ್ತ, ಹ್ಯೂಸ್‌ನ ಯುವಕ ಅದರಲ್ಲಿ ಎಷ್ಟನೆಯವನು ಎಂದು ಎಣಿಸಿ.